ಸಂಬಂಧದ ಕಾಲಂ

ಗುಮಾಸ್ತ ಅರ್ಜಿಯನ್ನು ಮೂರನೆಯ ಸಲ ಶಿವಕಾಂತಾಳ ಮುಂದೆ ತಳ್ಳಿದ. "ಮನಿ ಮಾಲಕರಿಗಿ ಏನ್ ಸಂಬಂಧ ಅಂತ ಕೇಳಿದ್ರ ಮತ್ತ ತಂಗಿ ಅಂತನ ಬರದೀರಲ್ರಿ. ಇವರು ಟಿಬೆಟ್ ನಿರಾಶ್ರಿತರು. ಬಾಡಿಗಿದಾರರು ಅಂತ ಬರೀರಿ. ಇಲ್ಲಾಂದ್ರ ಆಳಂದದಾಗ ಇರಾಕ ಪರವಾನಗಿ ಸಿಗಂಗಿಲ್ಲ." ಸ್ವೆಟರ್ ಮಾರುವ ಡೋಲ್ಕರ್ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದಳು.

ಶಿವಕಾಂತಾಳಿಗೆ ರೇಗಿತು. "ಈಕಿ ಹುಟ್ಟಿದ್ದ ಮುಂಡಗೋಡದಾಗರಿ. ಎಂಟು ವರ್ಷ ಆತು, ಚಳಿಗಾಲ ಬಂದ್ರ ನಮ್ಮನ್ಯಾಗ ಇರ್ತಾಳ. ಹೊಳ್ಳಿ ಹೋಗುಮುಂದ ಮನಿ ಮಗಳಂಗ ಉಡಿ ತುಂಬಿ ಕಳಸ್ತೇನಿ. ಬಾಡಿಗಿಗಿ ಇದ್ದಾಕಿಗಿ ಯಾರರೆ ಉಡಿ ತುಂಬ್ತಾರೇನ್ರಿ?"

"ಅದಕ್ಕ ಇದರಾಗ ಕಾಲಂ ಇಲ್ರಿ," ಎಂದ ಗುಮಾಸ್ತ.

ಶಿವಕಾಂತಾ ಪೆನ್ನು ಹಿಡಿದಳು, ಕೈ ಓಡಲಿಲ್ಲ. ಡೋಲ್ಕರ್ ಅದನ್ನು ಮೆಲ್ಲಗೆ ಬಿಡಿಸಿಕೊಂಡಳು. ಹೋದ ಸಲ ಉಡಿ ತುಂಬುವಾಗ ತೊಡಿಸಿದ್ದ ಹಸಿರು ಬಳೆಗಳಲ್ಲಿ ಉಳಿದಿದ್ದ ಎರಡು ಮೇಜಿಗೆ ತಾಗಿ ಸದ್ದಾಯಿತು. ತಂಗಿ ಎಂಬುದರ ಮೇಲೆ ಗೆರೆ ಎಳೆದು, ಬಾಡಿಗೆದಾರಳು ಎಂದು ಗುಂಡಗಿನ ಕನ್ನಡ ಅಕ್ಷರಗಳಲ್ಲಿ ತಾನೇ ಬರೆದಳು.

ಅರ್ಜಿಯನ್ನು ಶಿವಕಾಂತಾಳ ಕಡೆ ತಿರುಗಿಸಿ, "ಇಲ್ಲಿ ಸಹಿ ಮಾಡಕ್ಕ," ಎಂದಳು.