ಗಂಡುಮಗನಿಲ್ಲದ ರಾಜ್ಯ

ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಒಣಗಿಸುವ ಬ್ಯಾರನ್ನಿನ ಸಿಹಿ ಘಾಟು ಮೂಗಿಗೆ ಬಡಿದರೆ ಈಗಲೂ ನನಗೆ ಆ ದಿನ ನೆನಪಾಗುತ್ತದೆ.

ಹನಗೋಡಿನಲ್ಲಿ ನಾನು ಹತ್ತನೇ ಕ್ಲಾಸು ಓದುತ್ತಿದ್ದೆ. ಅಪ್ಪ ತೀರಿಕೊಂಡು ಇನ್ನೂ ವರ್ಷವಾಗಿರಲಿಲ್ಲ. ಮರುದಿನ ಇತಿಹಾಸದ ಪರೀಕ್ಷೆ. ಬ್ರಿಟಿಷರು ರಾಜ್ಯ ವಿಸ್ತರಿಸಿದ ಬಗೆಯ ಮೇಲೆ ಪ್ರಬಂಧ ಬರುತ್ತದೆಂದು ಮೇಷ್ಟ್ರು ಹೇಳಿದ್ದರು. ಬ್ಯಾರನ್ನಿನ ಬೆಚ್ಚನೆಯ ಮಣ್ಣುಗೋಡೆಗೆ ಒರಗಿ ಅದರ ಮುಖ್ಯಾಂಶಗಳನ್ನು ಬರೆದುಕೊಳ್ಳುತ್ತಿದ್ದೆ. ಅವ್ವ ಒಲೆಗೆ ಸೌದೆ ತಳ್ಳುತ್ತಿದ್ದಳು. ಅಷ್ಟರಲ್ಲಿ ದೊಡ್ಡಪ್ಪ ಬಂದು ಎದುರಿಗೆ ಕುಳಿತ.

"ಅದೇನವ್ವ ಬರೀತಿದ್ದೀಯೆ? ಓದು, ಕೇಳಾನ."

ಓದಿದೆ. "ರಾಜನಿಗೆ ಸ್ವಂತ ಗಂಡುಮಗನಿಲ್ಲದಿದ್ದರೆ ಬ್ರಿಟಿಷರು ಆ ರಾಜ್ಯವನ್ನು ತಮ್ಮದಾಗಿಸಿಕೊಳ್ಳುತ್ತಿದ್ದರು."

ದೊಡ್ಡಪ್ಪ ನಕ್ಕ. "ನೋಡ್ದಾ, ಅವ್ರ್ಗೂ ಗೊತ್ತಿತ್ತು. ಗಂಡು ದಿಕ್ಕಿಲ್ದಿದ್ರೆ ಬ್ಯಾರೆಯವ್ರೇ ನೋಡ್ಕಬೇಕು ಕಣವ್ವ."

ಎದ್ದವನು ನಮ್ಮ ಹೊಲದ ಬದುವಿನುದ್ದಕ್ಕೂ ನಿಂತು ನಿಂತು ನೋಡುತ್ತ ಹೋದ.

ಅಪ್ಪನಿಗೆ ನಾನೊಬ್ಬಳೇ ಮಗಳು. ಬರೆದ ಸಾಲನ್ನೇ ಮತ್ತೆ ಓದಿಕೊಂಡೆ.

ಅವ್ವ ಒಲೆಯಿಂದ ಮುಖ ತಿರುಗಿಸದೆ ಕೇಳಿದಳು. "ಎಲ್ರೂವೆ ರಾಜ್ಯ ಬುಟ್ಕೊಟ್ರಾ?"

"ಒಬ್ಬ ರಾಣಿ ಕೊಡಾಕಿಲ್ಲ ಅಂದ್ಲಂತೆ ಕಣವ್ವ. ಯುದ್ಧ ಮಾಡುದ್ಲಂತೆ."

"ಆಮೇಲೆ?"

ಹೇಳಲು ಹೆದರಿಕೆಯಾಯಿತು. "ಸತ್ತೋದ್ಲು."

ಸೌದೆ ಚಟಪಟ ಸಿಡಿಯಿತು. ಅವ್ವ ಇನ್ನೊಂದು ಕೊರಡು ಒಳಗೆ ತಳ್ಳಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಸತ್ತಿದ್ದು ಆಮೇಕ್ ಬರಿ. ಕೊಡಾಕಿಲ್ಲ ಅಂದಿದ್ನ ಮೊದ್ಲು ಬರ್ಕೊ."