ಬಹುವಚನ

ಕಿವಿಯಣ್ಣ ಮೂರನೆಯ ಸಲ ಟೇಪನ್ನು ಹಿಂದಕ್ಕೆ ತಿರುಗಿಸಿದ. ಅನುಮಾನವೇ ಇಲ್ಲ.

"ಮದ್ದು ರೆಡಿ ಇದೆ," ಗಂಡಸಿನ ದನಿ.

"ಎಷ್ಟು ಹಾಕ್ಬೇಕು?" ಹೆಂಗಸು ಪಿಸುಗುಟ್ಟಿದಳು.

"ಒಂದು ಸಾಕು. ಎರಡು ಹಾಕಿದ್ರೆ ಏಳೋದೇ ಇಲ್ಲ."

"ಅವರಿಗೆ ಮಾತ್ರ ಗೊತ್ತಾಗಬಾರದು. ಸಂಜೆ ಆಫೀಸಿಂದ ಬಂದ ತಕ್ಷಣ ಕೆಲಸ ಮುಗಿಸ್ತೀನಿ."

ಊರಿನ ಫೋನುಗಳನ್ನು ಕದ್ದು ಕೇಳುವುದು, ಕೇಳಿದ್ದನ್ನು ಬರೆಯುವುದು ಕಿವಿಯಣ್ಣನ ಸರ್ಕಾರಿ ನೌಕರಿ. ಯಾರ ನಂಬರು, ಯಾವ ಮನೆ ಎಂಬುದೆಲ್ಲ ಪಕ್ಕದ ಕೋಣೆಯವರ ಪಾಲು. ಇವನಿಗೆ ದನಿ ಮಾತ್ರ. ತಿಂಗಳ ಹಿಂದೆ ಯಾರೋ 'ಲಗೇಜು ತಲುಪಿತು' ಅಂದದ್ದನ್ನು ಲಗೇಜು ಎಂದೇ ಬರೆದು ಸುಮ್ಮನಾಗಿದ್ದ. ಆ ಲಗೇಜು ಬಸ್ ನಿಲ್ದಾಣದಲ್ಲಿ ಹನ್ನೊಂದು ಜನರನ್ನು ಕೊಂದಿತು.

ಅಂದಿನಿಂದ ನಾಚಿಕೆ ಅವನನ್ನು ತಿನ್ನುತ್ತಿತ್ತು. ಕಣ್ಣು ಮುಚ್ಚಿದರೆ ಅದೇ ಪದ. ಮನೆಯಲ್ಲಿ ಯಾರ ದನಿಯೂ ಬೇಡವಾಗಿತ್ತು. "ಒಂದು ಮಾತೂ ಆಡ್ಬೇಡ," ಎಂದು ಹೆಂಡತಿಗೆ ಹೇಳಿಬಿಟ್ಟಿದ್ದ. ಅವಳು ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದಳು.

ಬಾಂಬಿಟ್ಟವರಿಗೆ ಬೇಕಿದ್ದದ್ದು ಹೆದರಿಕೆ. ಅದು ಧಾರಾಳವಾಗಿ ಸಿಕ್ಕಿತ್ತು. ಸರ್ಕಾರ ವಾರದೊಳಗೆ ಹೊಸ ಕಾನೂನು ತಂದಿತ್ತು: ಅನುಮಾನ ಬಂದರೆ ಸಾಕು, ತೊಂಬತ್ತು ದಿನ ಒಳಗೆ. ವಕೀಲರಿಲ್ಲ, ಹೇಳುವವರಿಲ್ಲ, ಕೇಳುವವರಿಲ್ಲ.

"ಯಾರ ಮೇಲೆ ಕಣ್ಣು ಇವರದ್ದು?" ಸಾಹೇಬರು ಕೇಳಿದರು.

"ಯಾರೋ ದೊಡ್ಡ ಅಧಿಕಾರಿ ಇರ್ಬೇಕು ಸಾರ್. 'ಅವನಿಗೆ' ಅನ್ನಲ್ಲ, 'ಅವರಿಗೆ' ಅಂತಾಳೆ. ಬಹುವಚನ."

ಸಾಹೇಬರು ಬೆನ್ನು ತಟ್ಟಿದರು. "ಹೋದ ಮಾನ ವಾಪಸ್ ತಂದೆ ಕಣಯ್ಯಾ!"

ಮದ್ದು ಎಂಬ ಪದದ ಮುಂದೆ ಅವನು 'ಸ್ಫೋಟಕ' ಎಂದು ಬರೆದು ಸಹಿ ಹಾಕಿದ. ಔಷಧಿಗೂ ಹಾಗೇ ಅನ್ನುತ್ತಾರಲ್ಲ ಎಂಬ ಯೋಚನೆ ಬಂತು, ಹೋಯಿತು. ಮತ್ತೊಂದು ಸಲ ತಲೆ ತಗ್ಗಿಸುವ ಶಕ್ತಿ ಅವನಲ್ಲಿರಲಿಲ್ಲ.

ಮಧ್ಯಾಹ್ನದೊಳಗೆ ಇಬ್ಬರನ್ನೂ ಎತ್ತಿಹಾಕಿಕೊಂಡು ಬಂದರು. ನಾಲ್ಕು ಗಂಟೆಗೆ ಹೆಂಗಸಿನ ವಿಚಾರಣೆಯ ಟೇಪು ಬರೆಯಲೆಂದು ಅವನ ಮೇಜಿಗೇ ಬಂತು. ಅವನು ಪೆನ್ನು ತೆರೆದು, ಹೆಡ್‌ಫೋನ್ ಹಾಕಿಕೊಂಡ. ಮೊದಲು ಕೆನ್ನೆಗೆ ಬಿದ್ದ ಏಟಿನ ಸದ್ದು.

"ಬೊಗಳೇ! ಯಾರು ಆ 'ಅವರು'?"

ಈ ಸಲ ಅವಳು ಪಿಸುಗುಟ್ಟಲಿಲ್ಲ. ಮೊದಲ ಅಕ್ಷರಕ್ಕೇ ಅವನ ಪೆನ್ನು ನಿಂತಿತು.

"ನಮ್ಮನೆಯವರು ಸಾರ್. ತಿಂಗಳಿಂದ ನಿದ್ದೆ ಮಾಡಿಲ್ಲ, ಮಾತ್ರೆ ಅಂದ್ರೆ ಬೈತಾರೆ. ಹೊಡೀಬೇಡಿ ಸಾರ್, ಇದನ್ನೂ ಅವರೇ ಕೇಳಿ ಬರೀಬೇಕಲ್ಲ."