ಪಾಲಾದ ನಗು

ಪಾರ್ಕಿನ ನಗೆಕೂಟ ಒಡೆದು ಎರಡಾಗಿತ್ತು. ಚುನಾವಣೆಯ ಹೊತ್ತಿಗೆ ವಾಟ್ಸಾಪ್ ಗ್ರೂಪಿನಲ್ಲಿ ಹತ್ತಿಕೊಂಡ ಜಗಳ ಮೊದಲು ಗ್ರೂಪನ್ನು ಒಡೆಯಿತು, ಆಮೇಲೆ ನಗುವನ್ನೂ ಪಾಲು ಮಾಡಿತು. ಈಗ ಒಂದು ಪಕ್ಷದವರು ಹೊಂಗೆಮರದ ಕೆಳಗೆ ಕೈಯೆತ್ತಿ ಹಹ್ಹಹ್ಹಾ ಎಂದರೆ, ಇನ್ನೊಂದು ಪಕ್ಷದವರು ನೀರಿನ ಟ್ಯಾಂಕಿನ ಪಕ್ಕದಿಂದ ಇನ್ನೂ ಜೋರಾಗಿ ಹೊಹ್ಹೊಹ್ಹೋ ಎನ್ನುತ್ತಿದ್ದರು.

ಗುರುಬಸಪ್ಪನವರದು ಹೊಂಗೆಮರದ ಕಡೆ. ಟ್ಯಾಂಕಿನ ಕಡೆಯ ಪಾಂಡುರಂಗಯ್ಯ ಅವರ ಹೈಸ್ಕೂಲಿನ ಗೆಳೆಯ. ದೀಪಾವಳಿಯಿಂದ ಮಾತಿಲ್ಲ. ಆದರೂ ಆ ಗುಂಪಿನಿಂದ ಗೆಳೆಯನ ಗೊರಕೆಯಂಥ ನಗು ಕೇಳಿಬಂದರೇ ಗುರುಬಸಪ್ಪನವರಿಗೆ ಸಮಾಧಾನ. ನಿನ್ನೆ ಅದು ಕೇಳಿಸಿರಲಿಲ್ಲ. ಇವತ್ತೂ ಇಲ್ಲ. ಅರ್ಧ ನಗುವನ್ನು ಅಲ್ಲೇ ಬಿಟ್ಟು ಗೆಳೆಯನ ಮನೆಗೆ ಓಡಿದರು.

ಪಾಂಡುರಂಗಯ್ಯ ವರಾಂಡದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಹುಷಾರಾಗಿದೀಯೇನೋ?"

"ನಂಗೇನಾಗಿದೆ? ಫೋನ್ ಕೆಟ್ಟಿದೆ ಅಷ್ಟೆ. ಎಲ್ಲಿಗೂ ಹೋಗೋಕೆ ಮನಸ್ಸಿಲ್ಲ. ಬಾರೋ, ಕೂತ್ಕೋ. ಇವಳೇ, ಗುರು ಬಂದಿದಾನೆ, ಕಾಫಿ ಇಡು!"

ಇಬ್ಬರೂ ಅವರೆಕಾಯಿ ಸುಲಿಯುತ್ತಾ, ಹಳೆಯ ಗಣಿತದ ಮೇಷ್ಟ್ರನ್ನು ಆಡಿಕೊಳ್ಳುತ್ತಾ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೈಯೆತ್ತುವುದು ಇಬ್ಬರಿಗೂ ಮರೆತೇಹೋಗಿತ್ತು.

"ಅಲ್ಲ ಕಣೋ ಪಾಂಡು, ನಾವಿಬ್ರೂ ಮಾತು ಬಿಟ್ಟಿದ್ದಾದ್ರೂ ಯಾಕೆ?" ಗುರುಬಸಪ್ಪ ಕೇಳಿದರು.

ಪಾಂಡುರಂಗಯ್ಯ ಕೈಲಿದ್ದ ಕಾಯಿ ಹಿಡಿದುಕೊಂಡೇ ಯೋಚಿಸಿದರು. ಏನೂ ನೆನಪಾಗಲಿಲ್ಲ.

"ಅದೆಲ್ಲ ಫೋನಲ್ಲಿದೆ ಕಣೋ. ಸಂಜೆ ರಿಪೇರಿ ಆಗಿ ಬರತ್ತೆ. ಅಷ್ಟರೊಳಗೆ ನೀನು ಕಾಫಿ ಕುಡಿದ್ಬಿಡು."